‘ಬೇಜಾರು’ ಎಂಬ ಒಂದೇ ಪದದ ಗಂಟು: ಆಪ್ತ ಸಮಾಲೋಚನೆಯ ಕೋಣೆಯಲ್ಲಿ ನಡೆಯುವ ಕೆಲಸ

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಬಂದ ಕನ್ನಡಿಗರು ಮೊದಲು ಆಡುವ ಮಾತು ಹೆಚ್ಚಾಗಿ ಒಂದೇ: ‘ಯಾಕೋ ತುಂಬಾ ಬೇಜಾರು.’ ಹೊತ್ತು ಹೋಗದಿದ್ದರೂ ಬೇಜಾರು, ಗೆಳತಿ ಫೋನ್ ಎತ್ತದಿದ್ದರೂ ಬೇಜಾರು, ನಾಲ್ಕು ಜನರ ಮುಂದೆ ಅತ್ತೆ ಆಡಿಕೊಂಡರೂ ಬೇಜಾರು, ಅಪ್ಪ ತೀರಿಕೊಂಡು ವರ್ಷ ಕಳೆದರೂ ಬೇಜಾರು. ‘ಅವರ ಮೇಲೆ ಬೇಜಾರಾಗಿದೆ’ ಎಂದರೆ ಅದು ಸಿಟ್ಟು. ‘ಜೀವನಾನೇ ಬೇಜಾರಾಗಿದೆ’ ಎಂದರೆ ಅದು ಖಿನ್ನತೆ ಇರಬಹುದು, ಸಾಯುವ ಯೋಚನೆಯೂ ಇರಬಹುದು. ಇಷ್ಟೊಂದು ಭಾವನೆಗಳನ್ನು ಒಂದೇ ಪದ ಹೊತ್ತು ತಿರುಗುತ್ತಿದೆ. ಈಚೆಗೆ ಅದಕ್ಕೆ ‘ಟೆನ್ಶನ್’ ಜೊತೆಯಾಗಿದೆ.

ಆಪ್ತ ಸಮಾಲೋಚನೆ, ಮನೋಚಿಕಿತ್ಸೆ ಎಂದು ಕರೆಯುವ ಕೆಲಸದ ದೊಡ್ಡ ಪಾಲು ಈ ಗಂಟನ್ನು ಬಿಚ್ಚುವುದೇ. ಇವೆರಡರ ನಡುವೆ ಗೋಡೆ ಕಟ್ಟಿ ಹೇಳುವಂಥ ವ್ಯತ್ಯಾಸವಿಲ್ಲ. ಮದುವೆಯ ತೀರ್ಮಾನ, ಪರೀಕ್ಷೆಯ ಭಯ, ಸಾವಿನ ದುಃಖದಂಥ ಒಂದು ನಿರ್ದಿಷ್ಟ ಸಂಗತಿಗೆ ಆರೆಂಟು ಬಾರಿ ಕೂತು ಮಾತಾಡಿದರೆ ಸಾಮಾನ್ಯವಾಗಿ ಅದನ್ನು ಆಪ್ತ ಸಮಾಲೋಚನೆ ಎನ್ನುತ್ತಾರೆ. ಖಿನ್ನತೆ, ಆತಂಕ, ಗೀಳು, ಹಳೆಯ ಆಘಾತಗಳಂಥ ತೊಂದರೆಗಳಿಗೆ ಒಂದು ಗೊತ್ತಾದ ವಿಧಾನ ಹಿಡಿದು ತಿಂಗಳುಗಟ್ಟಲೆ ನಡೆಸುವುದು ಮನೋಚಿಕಿತ್ಸೆ.

ಎರಡರಲ್ಲೂ ಬಂದವರಿಗೆ ಮೊದಲು ನಿರಾಸೆಯಾಗುವ ಜಾಗ ಒಂದಿದೆ. ‘ನೀವೇ ಹೇಳಿ ಮೇಡಂ, ನಾನೇನು ಮಾಡ್ಲಿ?’ ಎಂದು ಕೇಳಿದಾಗ ಉತ್ತರ ಸಿಗುವುದಿಲ್ಲ, ಇನ್ನೊಂದು ಪ್ರಶ್ನೆ ಸಿಗುತ್ತದೆ. ಬುದ್ಧಿಮಾತು ಹೇಳಲು ಮನೆಯಲ್ಲಿ, ಬೀದಿಯಲ್ಲಿ, ಮದುವೆಮನೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರ ಮಾತು ಸರಿಯೇ ಇದ್ದರೂ ನಾಟದಿರುವುದು ಏಕೆಂದರೆ, ಕೇಳುವವರಿಗೆ ತಮ್ಮೊಳಗೆ ಇರುವುದು ಭಯವೋ ಅವಮಾನವೋ ಎಂಬುದೇ ಇನ್ನೂ ತಿಳಿದಿರುವುದಿಲ್ಲ. ಭಯಕ್ಕೆ ಬೇಕಾದ ಪರಿಹಾರ ಒಂದು, ಅವಮಾನಕ್ಕೆ ಬೇಕಾದದ್ದು ಬೇರೆ.

ಒಂದು ಘಟನೆ, ಐದು ಎಳೆ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಪ್ರೌಢಶಾಲೆಯೊಂದರ ಗಣಿತ ಶಿಕ್ಷಕಿ. ಹದಿನಾಲ್ಕು ವರ್ಷದ ಅನುಭವ. ಸಿಬ್ಬಂದಿ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಎಲ್ಲರೆದುರು, ‘ನಿಮ್ಮ ಸಬ್ಜೆಕ್ಟ್‌ನಲ್ಲಿ ಇಷ್ಟೊಂದು ಮಕ್ಕಳು ಫೇಲ್ ಆಗಿದ್ದಾರಲ್ಲ, ಯಾಕೆ?’ ಎಂದು ಕೇಳಿದ್ದಾರೆ. ಆಕೆ ಮನೆಗೆ ಬಂದು ಮಗನ ಮೇಲೆ ಕೂಗಾಡಿ, ಊಟ ಬಿಟ್ಟು ಮಲಗಿದ್ದಾರೆ. ನಿದ್ದೆ ಬಂದಿಲ್ಲ. ಕೇಳಿದರೆ ಹೇಳುವುದು ಇಷ್ಟೇ: ‘ಮೀಟಿಂಗ್‌ನಲ್ಲಿ ಬೇಜಾರಾಯ್ತು.’

ಇದನ್ನು ಐದು ಎಳೆಗಳಾಗಿ ಬಿಡಿಸಬೇಕು. ನಡೆದದ್ದೇನು? ಆ ಕ್ಷಣ ತಲೆಯಲ್ಲಿ ಓಡಿದ ಮಾತೇನು? ದೇಹದಲ್ಲಿ ಏನಾಯಿತು? ಯಾವ ಭಾವನೆ, ನೂರಕ್ಕೆ ಎಷ್ಟು? ಆಮೇಲೆ ಮಾಡಿದ್ದೇನು? ಮೊದಲನೆಯದಕ್ಕೆ ಸಿಸಿ ಕ್ಯಾಮೆರಾದಲ್ಲಿ ಕಾಣುವಷ್ಟನ್ನು ಮಾತ್ರ ಬರೆಯಬೇಕು. ‘ನನ್ನ ಮರ್ಯಾದೆ ತೆಗೆದರು’ ಎಂಬುದು ಕ್ಯಾಮೆರಾದಲ್ಲಿ ಕಾಣುವುದಿಲ್ಲ. ‘ಒಂಬತ್ತು ಜನರ ಮುಂದೆ ಈ ಪ್ರಶ್ನೆ ಕೇಳಿದರು’ ಎಂಬುದು ಕಾಣುತ್ತದೆ.

ದೇಹದ ಎಳೆಯಲ್ಲಿ ಕನ್ನಡ ಬಲು ಶ್ರೀಮಂತ. ಎದೆ ಡವಡವ ಎಂದಿತು, ಗಂಟಲು ಕಟ್ಟಿತು, ಮೈ ಉರಿಯಿತು, ಹೊಟ್ಟೆಯಲ್ಲಿ ತಳಮಳವಾಯಿತು, ಕಿವಿ ಬಿಸಿಯಾಯಿತು, ಕರುಳು ಚುರ್ ಎಂದಿತು. ಭಾವನೆಗೆ ಹೆಸರು ಸಿಗದವರಿಗೂ ದೇಹದ ಮಾತು ಸಿಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುವುದು ಸುಲಭ. ಕಿವಿ ಬಿಸಿಯಾಗಿ ನೆಲ ನೋಡುವಂತಾಯಿತು ಎಂದರೆ ಅದು ಬಹುಮಟ್ಟಿಗೆ ಅವಮಾನ ಅಥವಾ ನಾಚಿಕೆ. ಹಲ್ಲು ಕಚ್ಚಿ ಮುಷ್ಟಿ ಬಿಗಿದರೆ ಸಿಟ್ಟು. ಹೊಟ್ಟೆ ತೊಳಸಿ ಅಂಗೈ ಬೆವತರೆ ಭಯ. ಇದು ಪಕ್ಕಾ ಸೂತ್ರವೇನಲ್ಲ, ಹುಡುಕಾಟಕ್ಕೆ ಒಂದು ತುದಿ. ನಮ್ಮ ಶಿಕ್ಷಕಿ ಹೀಗೆ ಹುಡುಕಿ ಬರೆದದ್ದು: ಅವಮಾನ 90, ಭಯ 60, ಸಿಟ್ಟು 40.

ಎಲ್ಲರೂ ಎಡವುವುದು ಯೋಚನೆಯ ಎಳೆಯಲ್ಲಿ. ಅದಕ್ಕೆ ಕನ್ನಡದ ‘ಅನ್ನಿಸ್ತು’ ಎಂಬ ಕ್ರಿಯಾಪದವೂ ಒಂದು ಕಾರಣ. ‘ದುಃಖ ಅನ್ನಿಸ್ತು’ ಎನ್ನುತ್ತೇವೆ, ‘ನಾನು ಕೆಲಸಕ್ಕೆ ಬಾರದವಳು ಅನ್ನಿಸ್ತು’ ಎಂದೂ ಎನ್ನುತ್ತೇವೆ. ಮೊದಲನೆಯದು ಭಾವನೆ, ಎರಡನೆಯದು ತೀರ್ಪು. ಎರಡಕ್ಕೂ ಒಂದೇ ಉಡುಪು ತೊಡಿಸಿದಾಗ ತೀರ್ಪು ಭಾವನೆಯ ಹಾಗೆ ವಾದಾತೀತವಾಗಿ ಕಾಣುತ್ತದೆ. ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಇದೆ: ಆ ಮಾತಿನ ಮುಂದೆ ‘ನಿಜವೇ?’ ಎಂದು ಸೇರಿಸಿ ನೋಡುವುದು. ‘ನಾನು ಕೆಲಸಕ್ಕೆ ಬಾರದವಳು, ನಿಜವೇ?’ ಎಂದು ಕೇಳಬಹುದು. ಹಾಗಾಗಿ ಅದು ಯೋಚನೆ, ಅದಕ್ಕೆ ಸಾಕ್ಷಿ ಕೇಳಬಹುದು. ದುಃಖವನ್ನು ಹಾಗೆ ಕೇಳಲಾಗುವುದಿಲ್ಲ. ಅದು ಇದ್ದರೆ ಇದೆ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಈ ಪಟ್ಟಿಯ ಹಿಂದೆ ಒಂದು ಇತಿಹಾಸವಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಮನೋವೈದ್ಯ ಆರನ್ ಬೆಕ್ ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಣೆಯಲ್ಲಿ ತರಬೇತಾದವರು. 1960ರ ದಶಕದಲ್ಲಿ ಅವರಿಗೆ ಒಂದು ಸಂಗತಿ ಎದ್ದು ಕಂಡಿತು. ಖಿನ್ನತೆಯಲ್ಲಿರುವವರು ಬಾಯಿಬಿಟ್ಟು ಹೇಳುವ ಮಾತಿನ ಕೆಳಗೆ ಇನ್ನೊಂದು ಮಾತಿನ ಹರಿವು ಇರುತ್ತದೆ. ಅದು ಚುಟುಕು, ತಾನಾಗಿ ಬರುವಂಥದ್ದು, ತನ್ನನ್ನೇ ಹಳಿಯುವಂಥದ್ದು. ಅದನ್ನು ಯಾರೂ ಪರಿಶೀಲಿಸದೆ ನಂಬಿಬಿಡುತ್ತಾರೆ. ಆ ಮಾತುಗಳನ್ನು ಕಾಗದಕ್ಕಿಳಿಸಿ ಪರೀಕ್ಷಿಸುವುದು ಅರಿವಿನ ವರ್ತನಾ ಚಿಕಿತ್ಸೆಯ ತಿರುಳಾಯಿತು. ಎಲ್ಲೆಡೆ ಸಿಬಿಟಿ ಎಂದು ಕರೆಯುವುದು ಇದನ್ನೇ.

ಶಿಕ್ಷಕಿಯ ಯೋಚನೆ: ‘ಎಲ್ಲರ ದೃಷ್ಟಿಯಲ್ಲಿ ನಾನು ನಾಲಾಯಕ್ಕಾದೆ.’ ಅದನ್ನು ಎಷ್ಟು ನಂಬುತ್ತೀರಿ? 85. ಪರವಾಗಿ ಸಾಕ್ಷಿ: ಈ ಸಲ 38 ಮಕ್ಕಳಲ್ಲಿ 11 ಮಂದಿ ಗಣಿತದಲ್ಲಿ ಫೇಲಾಗಿದ್ದಾರೆ. ವಿರುದ್ಧ ಸಾಕ್ಷಿ: ಇದೇ ಪ್ರಶ್ನೆಯನ್ನು ಇಂಗ್ಲಿಷ್ ಮೇಷ್ಟರಿಗೂ ಕೇಳಿದ್ದಾರೆ, ಸಭೆ ಮುಗಿದ ಮೇಲೆ ಇಬ್ಬರು ಬಂದು ಎಂದಿನಂತೆ ಮಾತಾಡಿದ್ದಾರೆ, ಹಿಂದಿನ ಎರಡು ವರ್ಷ ಫಲಿತಾಂಶ ಚೆನ್ನಾಗಿತ್ತು. ಇದೆಲ್ಲ ಸೇರಿಸಿ ಆಕೆ ಬರೆದ ಹೊಸ ವಾಕ್ಯ: ‘ಈ ಸಲ ಫಲಿತಾಂಶ ಕುಸಿದಿದೆ, ಅದಕ್ಕೆ ನಾನು ಉತ್ತರ ಕೊಡಬೇಕು. ಎಲ್ಲರ ಮುಂದೆ ಕೇಳಿದ್ದು ನೋವಾಗಿದೆ. ಒಂದು ವರ್ಷದ ಫಲಿತಾಂಶದಿಂದ ನನ್ನ ಹದಿನಾಲ್ಕು ವರ್ಷದ ಪಾಠ ಅಳಿಸಿಹೋಗುವುದಿಲ್ಲ.’ ಅವಮಾನ 90ರಿಂದ 55ಕ್ಕಿಳಿಯಿತು.

55 ಕಡಿಮೆಯೇನಲ್ಲ. ಆದರೆ ಮಗನ ಮೇಲೆ ಕೂಗದೆ, ಊಟ ಮಾಡಿ ಮಲಗಲು ಅಷ್ಟು ಇಳಿದರೆ ಸಾಕು. ಇದನ್ನು ಸೊನ್ನೆಗೆ ತರಲು ಹೊರಟವರು, ‘ನಾನು ಅತ್ಯುತ್ತಮ ಶಿಕ್ಷಕಿ, ಎಲ್ಲ ಒಳ್ಳೆಯದಾಗುತ್ತದೆ’ ಎಂದು ಬರೆಯುತ್ತಾರೆ. ಅದು ಕೆಲಸ ಮಾಡುವುದಿಲ್ಲ, ಏಕೆಂದರೆ ಬರೆದವರೇ ಅದನ್ನು ನಂಬುವುದಿಲ್ಲ. ಹೊಸ ವಾಕ್ಯದಲ್ಲಿ ಕಹಿ ಸತ್ಯವೂ ಇರಬೇಕು. ಇನ್ನೊಂದು ತಪ್ಪು ಹೊತ್ತಿನದು. ಭಾವನೆ ಉಕ್ಕುತ್ತಿರುವಾಗ ಬರೆಯಲು ಕೂತರೆ ಪಟ್ಟಿ ಬೈಗುಳದ ಪಟ್ಟಿಯಾಗುತ್ತದೆ. ಮೂರು ದಿನ ಬಿಟ್ಟು ಕೂತರೆ ವಿವರ ಮರೆತಿರುತ್ತದೆ. ಅದೇ ದಿನ, ಕಾವು ಸ್ವಲ್ಪ ಇಳಿದ ಮೇಲೆ, ಹತ್ತು ಹದಿನೈದು ನಿಮಿಷ. ವಾರಕ್ಕೆ ಮೂರು ನಾಲ್ಕು ಘಟನೆ ಸಾಕು. ದಿನಕ್ಕೆ ಹತ್ತು ಬರೆಯತೊಡಗಿದರೆ ಅದೇ ಒಂದು ಗೀಳಾಗುತ್ತದೆ.

ಹೆಸರಿಟ್ಟರೆ ಏನಾಗುತ್ತದೆ

ಭಾವನೆಗೆ ಸರಿಯಾದ ಹೆಸರಿಡುವುದರಿಂದಲೇ ಅದರ ಬಿರುಸು ಸ್ವಲ್ಪ ತಗ್ಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಅಥವಾ ಭಯ ತುಂಬಿದ ಮುಖಗಳ ಚಿತ್ರ ನೋಡುತ್ತ ಆ ಭಾವನೆಯ ಹೆಸರು ಆರಿಸಿದಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾದದ್ದು ಕಂಡುಬಂತು. ಅಪಾಯದ ಸುಳಿವನ್ನು ಹಿಡಿಯುವುದರಲ್ಲಿ ಮುಖ್ಯ ಪಾತ್ರ ವಹಿಸುವ ಭಾಗ ಅದು.

ಹೆಸರಿನ ಕಪಾಟಿನಲ್ಲಿ ಕನ್ನಡಿಗರಿಗೆ ಬಡತನವಿಲ್ಲ. ಭಯದ ಮನೆಯಲ್ಲೇ ಅಳುಕು, ಅಂಜಿಕೆ, ದಿಗಿಲು, ಗಾಬರಿ, ಕಳವಳ, ಆತಂಕ ಇವೆ. ಸಿಟ್ಟಿನ ಮನೆಯಲ್ಲಿ ಮುನಿಸು, ಕಿರಿಕಿರಿ, ರೋಷ, ಹಗೆ, ಹೊಟ್ಟೆಕಿಚ್ಚು. ಮುನಿಸು ಹತ್ತಿರದವರ ಮೇಲೆ ಮಾತ್ರ ಬರುತ್ತದೆ, ಯಾರಾದರೂ ಬಂದು ಸಮಾಧಾನ ಮಾಡಲಿ ಎಂದು ಕಾಯುತ್ತದೆ. ರೋಷ ಹಾಗೆ ಕಾಯುವುದಿಲ್ಲ. ಗಂಡನ ಮೇಲೆ ‘ಬೇಜಾರು’ ಎಂದವರಿಗೆ ಅದು ಮುನಿಸೋ ರೋಷವೋ ಎಂದು ಗೊತ್ತಾದರೆ ಮುಂದಿನ ಹೆಜ್ಜೆಯೂ ಗೊತ್ತಾಗುತ್ತದೆ.

ಬೆಂಗಳೂರಿನಂಥ ಊರಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕನ್ನಡದಲ್ಲಿ ಸರಾಗವಾಗಿ ಮಾತಾಡುತ್ತಿದ್ದವರು ನೋವಿನ ಜಾಗ ಬಂದಾಗ ಇಂಗ್ಲಿಷಿಗೆ ಹೊರಳುತ್ತಾರೆ. ‘ಐ ವಾಸ್ ಡಿಪ್ರೆಸ್ಡ್’ ಎನ್ನುವುದು ಸುಲಭ, ‘ನಂಗೆ ಬದುಕೋದೇ ಬೇಡ ಅನ್ನಿಸಿತ್ತು’ ಎನ್ನುವುದು ಕಷ್ಟ. ಆಮೇಲೆ ಕಲಿತ ಭಾಷೆಯಲ್ಲಿ ಭಾವದ ಬಿಸಿ ಕಡಿಮೆ ತಾಕುತ್ತದೆ ಎಂದು ಎರಡು ಭಾಷೆ ಆಡುವ ಅನೇಕರು ಹೇಳುತ್ತಾರೆ. ಆ ಹೊರಳುವಿಕೆ ಒಂದು ಕವಚ. ಅನುಭವಸ್ಥ ಸಮಾಲೋಚಕರು ಅದನ್ನು ಕಿತ್ತುಹಾಕುವುದಿಲ್ಲ. ಸಮಯ ನೋಡಿ ‘ಇದನ್ನ ಅಮ್ಮನ ಹತ್ರ ಹೇಳೋದಾದ್ರೆ ಹೇಗೆ ಹೇಳ್ತೀರಿ?’ ಎಂದು ಕೇಳುತ್ತಾರೆ. ‘ಮಾತಿನ ಚಿಕಿತ್ಸೆ’ ಎಂಬ ಹೆಸರು ಹುಟ್ಟಿದ್ದೂ ಇಂಥದೇ ಹೊರಳುವಿಕೆಯಲ್ಲಿ. 1880ರಿಂದ 1882ರವರೆಗೆ ವಿಯೆನ್ನಾದಲ್ಲಿ ವೈದ್ಯ ಯೋಸೆಫ್ ಬ್ರಾಯರ್ ಅವರ ಬಳಿ ಚಿಕಿತ್ಸೆ ಪಡೆದ ಬೆರ್ತಾ ಪಾಪೆನ್‌ಹೈಮ್ ತಾಯ್ನುಡಿ ಜರ್ಮನ್ ಬಾರದಂತಾಗಿ ಇಂಗ್ಲಿಷಿನಲ್ಲಷ್ಟೇ ಮಾತಾಡುತ್ತಿದ್ದ ಒಂದು ಕಾಲವಿತ್ತು. ಆ ಹೆಸರನ್ನು ಆಕೆ ಕೊಟ್ಟದ್ದೂ ಇಂಗ್ಲಿಷಿನಲ್ಲೇ.

ಮೇಲಿನ ಭಾವನೆ, ಕೆಳಗಿನ ಭಾವನೆ

ಕೆನಡಾದ ಮನಶ್ಶಾಸ್ತ್ರಜ್ಞ ಲೆಸ್ಲಿ ಗ್ರೀನ್‌ಬರ್ಗ್ ಬೆಳೆಸಿದ ಭಾವಕೇಂದ್ರಿತ ಚಿಕಿತ್ಸೆಯಲ್ಲಿ ಒಂದು ಉಪಯುಕ್ತ ವಿಂಗಡಣೆ ಇದೆ: ಮೊದಲು ಹುಟ್ಟಿದ ಭಾವನೆ, ಅದನ್ನು ಮುಚ್ಚಲು ಬಂದ ಎರಡನೆಯ ಭಾವನೆ. ‘ಗಂಡಸರು ಅಳಬಾರದು’ ಎಂದು ಕೇಳಿ ಬೆಳೆದವರಲ್ಲಿ ನೋವು, ಭಯ, ಒಂಟಿತನ ಎಲ್ಲವೂ ಸಿಟ್ಟಾಗಿ ಹೊರಬರುತ್ತವೆ. ‘ಹೆಣ್ಣುಮಕ್ಕಳಿಗೆ ಇಷ್ಟು ಕೋಪ ಒಳ್ಳೆಯದಲ್ಲ’ ಎಂದು ಕೇಳಿ ಬೆಳೆದವರಲ್ಲಿ ನ್ಯಾಯವಾದ ಸಿಟ್ಟು ಅಳುವಾಗಿ ಹೊರಬರುತ್ತದೆ. ಇಬ್ಬರಿಗೂ ಹೊರಗೆ ಕಂಡ ಭಾವನೆಗಷ್ಟೇ ಮದ್ದು ಮಾಡಿದರೆ ಪ್ರಯೋಜನವಿಲ್ಲ. ಸಿಟ್ಟು ತಡೆಯುವ ಉಪಾಯ ಕಲಿತ ಗಂಡಸು ಒಳಗಿನ ಅವಮಾನವನ್ನು ಹಾಗೇ ಇಟ್ಟುಕೊಂಡು ಇನ್ನೊಂದು ದಿನ ಸಿಡಿಯುತ್ತಾನೆ. ಅಳುವ ಹೆಂಗಸನ್ನು ಸಮಾಧಾನ ಮಾಡಿ ಕಳಿಸಿದರೆ, ಮನೆಯಲ್ಲಿ ಅವಳಿಗಾಗುತ್ತಿರುವ ಅನ್ಯಾಯಕ್ಕೆ ‘ಇದು ಸರಿಯಲ್ಲ’ ಎಂದು ಹೇಳುವ ಶಕ್ತಿ ಹುಟ್ಟುವುದೇ ಇಲ್ಲ. ಸಿಟ್ಟಿನ ಕೆಲಸವೇ ಗಡಿ ಕಾಯುವುದು.

ಕೆಳಗಿನ ಭಾವನೆ ತಲುಪಲು ಅವಸರ ಮಾಡಬಾರದು. ಸಿಟ್ಟಿನ ಕೊನೆಯ ಪ್ರಸಂಗವನ್ನು ನಿಧಾನಗತಿಯಲ್ಲಿ ಓಡಿಸಿ ನೋಡುವುದು ಒಂದು ದಾರಿ. ಸಿಡಿಯುವ ಎರಡು ಕ್ಷಣ ಮೊದಲು ಏನಾಯಿತು? ಬಹುಪಾಲು ಅಲ್ಲಿ ಎದೆಯಲ್ಲಿ ಏನೋ ಕುಸಿದಂತಾಗಿರುತ್ತದೆ. ಆ ಕುಸಿತವೇ ಮೊದಲ ಭಾವನೆ.

ದೇಹವೇ ಮುಂದಾಗಿ ನಿಲ್ಲುವ ತೊಂದರೆಗಳೂ ಇವೆ. ಇದ್ದಕ್ಕಿದ್ದಂತೆ ವಿಪರೀತ ಭಯ ಉಕ್ಕುವ ಪ್ಯಾನಿಕ್ ದಾಳಿಯಲ್ಲಿ ಎದೆ ಬಡಿತ ಏರಿ, ಬೆರಳು ಜುಮ್ಮೆಂದು, ತಲೆ ಹಗುರಾಗಿ, ಹಾರ್ಟ್ ಅಟ್ಯಾಕ್ ಎಂದೇ ಅನೇಕರು ತುರ್ತು ಚಿಕಿತ್ಸಾ ಘಟಕಕ್ಕೆ ಓಡುತ್ತಾರೆ. ಮೊದಲ ಸಲ ಓಡುವುದು ಸರಿಯೇ. ಹೃದಯದ ತೊಂದರೆ ಇಲ್ಲವೆಂದು ಖಚಿತವಾಗಲೇಬೇಕು. ಇಸಿಜಿ ಸರಿಯಿದ್ದ ಮೇಲೆ ತಿಳಿಯಬೇಕಾದದ್ದು: ಭಯದಲ್ಲಿ ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಜುಮ್ಮೆನ್ನುವುದಕ್ಕೂ ತಲೆಸುತ್ತಿಗೂ ಅದು ಕಾರಣವಾಗುತ್ತದೆ. ಆಗ ಯಾರಾದರೂ ‘ಜೋರಾಗಿ ಉಸಿರು ತಗೋ’ ಎಂದರೆ ತೊಂದರೆ ಹೆಚ್ಚುತ್ತದೆ. ಬೇಕಾದದ್ದು ಉದ್ದನೆಯ ಹೊರ ಉಸಿರು: ನಾಲ್ಕು ಎಣಿಸುವವರೆಗೆ ಮೂಗಿನಿಂದ ಒಳಕ್ಕೆ, ಆರು ಎಣಿಸುವವರೆಗೆ ಹೊರಕ್ಕೆ, ಐದು ನಿಮಿಷ. ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ.

ಖಿನ್ನತೆಯಲ್ಲಿ ಸಿಕ್ಕಿಬೀಳುವ ಜಾಗ ಬೇರೆ: ‘ಮನಸ್ಸು ಬಂದ ಮೇಲೆ ಮಾಡೋಣ.’ ಅಲ್ಲಿ ಮನಸ್ಸು ಬರುವುದೇ ಮಾಡಿದ ಮೇಲೆ. ಹಾಗಾಗಿ ಹತ್ತು ನಿಮಿಷದ ನಡಿಗೆ, ಒಂದು ಗಿಡಕ್ಕೆ ನೀರು, ಒಂದು ಫೋನ್ ಕರೆ, ಇಂಥ ಪುಟ್ಟ ಕೆಲಸವನ್ನು ಹೊತ್ತು ಗೊತ್ತುಮಾಡಿ ಮಾಡಿಸುತ್ತಾರೆ. ಮುಂಚೆ ಮತ್ತು ಆಮೇಲೆ ಮನಸ್ಥಿತಿಗೆ ಹತ್ತಕ್ಕೆ ಅಂಕ ಕೊಡಿಸುತ್ತಾರೆ. 2 ಇದ್ದದ್ದು 3 ಆದರೆ ಅದನ್ನು ಗೆಲುವೆಂದೇ ಎಣಿಸಬೇಕು. ಥೈರಾಯ್ಡ್ ಕೊರತೆ, ರಕ್ತಹೀನತೆ, ವಿಟಮಿನ್ ಬಿ12 ಕೊರತೆ ಕೂಡ ಇದೇ ಸುಸ್ತು, ಇದೇ ಮಂಕು ತರುವುದರಿಂದ ಆರಂಭದಲ್ಲೇ ರಕ್ತಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ಕೋಣೆಯ ನಿಯಮಗಳು

ಒಂದು ಭೇಟಿ 45ರಿಂದ 60 ನಿಮಿಷ, ಸಾಮಾನ್ಯವಾಗಿ ವಾರಕ್ಕೊಮ್ಮೆ. ಆತಂಕ, ಖಿನ್ನತೆಗೆ ಸಿಬಿಟಿ ಎಂದರೆ 12ರಿಂದ 20 ಭೇಟಿ ಎಂದು ಲೆಕ್ಕ ಹಾಕಬಹುದು. ಮೊದಲ ಭೇಟಿಯಲ್ಲಿ ತೊಂದರೆ ಯಾವಾಗ ಶುರುವಾಯಿತು, ನಿದ್ದೆ, ಊಟ, ಕುಡಿತ, ಔಷಧ, ಮನೆಯವರು, ಸಾಯುವ ಯೋಚನೆ ಎಲ್ಲವನ್ನೂ ಕೇಳುತ್ತಾರೆ. ಸಾಯುವ ಯೋಚನೆ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ತಪ್ಪು. ಕೇಳಿದಾಗ ಬಹಳ ಜನ ಹಗುರಾಗುತ್ತಾರೆ. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನೂ ಕೊಡಬಹುದು. ಕಳೆದ ಎರಡು ವಾರದ ಸ್ಥಿತಿಗೆ ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾದ ತಪಾಸಣೆ ಬೇಕು. ಅಂಕವಷ್ಟೇ ರೋಗನಿರ್ಣಯವಾಗುವುದಿಲ್ಲ. ಒಂಬತ್ತನೆಯ ಪ್ರಶ್ನೆಗೆ, ಅಂದರೆ ಸಾವಿನ ಯೋಚನೆಯ ಪ್ರಶ್ನೆಗೆ, 1 ಬಂದರೂ ಅಂದೇ ಮಾತಾಡಬೇಕು.

ಗುಟ್ಟು ಉಳಿಯುತ್ತದೆಯೇ ಎಂಬುದು ಎಲ್ಲರ ಚಿಂತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದರೆ, ಬೇರೆಯವರಿಗೆ ಹಾನಿಯಾಗುವಂತಿದ್ದರೆ, ನ್ಯಾಯಾಲಯ ಕೇಳಿದರೆ ಅದಕ್ಕೆ ವಿನಾಯಿತಿ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಇದನ್ನೆಲ್ಲ ಮೊದಲ ದಿನವೇ ಹೇಳಬೇಕು. ನಮ್ಮಲ್ಲಿ ಅಪ್ಪ, ಅಣ್ಣ, ಗಂಡ ಜೊತೆಗೆ ಬಂದು ಹೊರಗೆ ಕೂತು, ‘ಏನು ಹೇಳಿದ್ಲು?’ ಎಂದು ಕೇಳುವುದು ಸಾಮಾನ್ಯ. ವಯಸ್ಕರ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಮನೆಯವರಿಗೆ ಹೇಳುವಂತಿಲ್ಲ. ಮನೆಯವರನ್ನು ಒಳಗೆ ಕರೆಯಬೇಕಾದಾಗ ಏನು ಹೇಳಬೇಕು, ಏನು ಬೇಡ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು.

ಮೂರನೆಯ, ನಾಲ್ಕನೆಯ ಭೇಟಿಯ ಹೊತ್ತಿಗೆ ಅನೇಕರು ಬಿಟ್ಟುಹೋಗುತ್ತಾರೆ. ಮುಚ್ಚಿಟ್ಟದ್ದು ಹೊರಬಂದು ನೋವು ಹೆಚ್ಚಿದಂತಾಗುವುದು ಒಂದು ಕಾರಣ. ಸಮಾಲೋಚಕರ ಯಾವುದೋ ಮಾತು ಚುಚ್ಚಿ, ಅದನ್ನು ಹೇಳಲಾಗದೆ ಸುಮ್ಮನಾಗುವುದು ಇನ್ನೊಂದು. ದೊಡ್ಡವರಿಗೆ ಎದುರಾಡಬಾರದು ಎಂಬ ಸಂಸ್ಕಾರ ಇಲ್ಲಿ ಅಡ್ಡ ಬರುತ್ತದೆ. ‘ಹೋದ ವಾರ ನೀವು ಹೇಳಿದ್ದು ನಂಗೆ ನೋವಾಯ್ತು ಮೇಡಂ’ ಎಂದು ಹೇಳಿಬಿಡುವುದೇ ಚಿಕಿತ್ಸೆಯ ಬಹು ಮುಖ್ಯ ಗಳಿಗೆಯಾಗಬಲ್ಲದು. ಹೊರಗೆ ಯಾರಿಗೂ ಹಾಗೆ ಹೇಳಿ ಅಭ್ಯಾಸವಿಲ್ಲದವರು ಅಲ್ಲಿ ಮೊದಲ ಬಾರಿ ಹೇಳಿ, ಸಂಬಂಧ ಮುರಿಯದೆ ಉಳಿದದ್ದನ್ನು ಕಾಣುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಹೇಳಿದಂತೆ ಈ ಸಂಬಂಧಕ್ಕೆ ಮೂರು ಕಾಲು: ಗುರಿಯಲ್ಲಿ ಒಮ್ಮತ, ಮಾಡುವ ಕೆಲಸದಲ್ಲಿ ಒಮ್ಮತ, ನಂಬಿಕೆ. ಆರು ಭೇಟಿಯಾದರೂ ಏನೂ ಅಲುಗದಿದ್ದರೆ ಈ ಮೂರರಲ್ಲಿ ಯಾವುದು ಕುಂಟುತ್ತಿದೆ ಎಂದು ಇಬ್ಬರೂ ಕೂತು ನೋಡಬೇಕು. ಸರಿಹೋಗದಿದ್ದರೆ ಬೇರೆಯವರ ಬಳಿ ಹೋಗುವುದು ದ್ರೋಹವಲ್ಲ.

ಯಾರ ಬಳಿ ಹೋಗುವುದು

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧ ಬರೆಯುವುದಿಲ್ಲ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಸಂಖ್ಯೆ ಇರಬೇಕು, ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ. ‘ಆಪ್ತ ಸಮಾಲೋಚಕ’ ಎಂಬ ಬೋರ್ಡನ್ನು ಮಾತ್ರ ವಾರಾಂತ್ಯದ ಕೋರ್ಸ್ ಮಾಡಿದವರೂ ಹಾಕಿಕೊಂಡಿರುತ್ತಾರೆ. ಏನು ಓದಿದ್ದೀರಿ, ಎಷ್ಟು ತಿಂಗಳು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ್ದೀರಿ, ನನ್ನಂಥ ತೊಂದರೆಗೆ ಯಾವ ವಿಧಾನ ಬಳಸುತ್ತೀರಿ ಎಂದು ಫೋನಿನಲ್ಲೇ ಕೇಳಬಹುದು. ‘ಮೂರೇ ಭೇಟಿಯಲ್ಲಿ ಗ್ಯಾರಂಟಿ’ ಎನ್ನುವವರು, ತಮ್ಮ ಸಂಸಾರದ ಕತೆಯನ್ನೇ ಹೇಳುವವರು, ಮೈ ಮುಟ್ಟುವವರು, ಪೂಜೆಯನ್ನೋ ಮಾರಾಟದ ಸಾಮಾನನ್ನೋ ತಲೆಗೆ ಕಟ್ಟುವವರು ಸಿಕ್ಕರೆ ಎದ್ದು ಬರಬೇಕು. ನೆಂಟರಿಷ್ಟರಲ್ಲೇ ಸಮಾಲೋಚಕರಿದ್ದರೆ ಅವರ ಬಳಿ ಚಿಕಿತ್ಸೆ ಬೇಡ.

ದುಡ್ಡಿನ ತೊಂದರೆ ಇರುವವರಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗಗಳಿವೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿದರೆ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ, ಉಚಿತವಾಗಿ ಮಾತಾಡಬಹುದು. ಇಲ್ಲದ ದನಿ ಕೇಳುವುದು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಉತ್ಸಾಹ ಉಕ್ಕುವುದು, ಊಟ ನೀರು ಬಿಟ್ಟುಬಿಡುವುದು, ಸಾಯುವ ದಾರಿ ಯೋಚಿಸಿಟ್ಟಿರುವುದು ಕಂಡರೆ ಮೊದಲು ಮನೋವೈದ್ಯರು. ಮಾತಿನ ಚಿಕಿತ್ಸೆ ಆಮೇಲೆ. ಅಂಥವರನ್ನು ಒಂಟಿಯಾಗಿ ಬಿಡಬಾರದು, ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಕೈಗೆಟುಕದಂತೆ ಇಡಬೇಕು.

ಚಿಕಿತ್ಸೆ ಮುಗಿಯುವ ಹಂತ ಬಂದಾಗ ಭೇಟಿಗಳನ್ನು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಾಡುತ್ತಾರೆ. ಕೊನೆಯ ಭೇಟಿಯಲ್ಲಿ ಒಂದು ಹಾಳೆ ತಯಾರಾಗುತ್ತದೆ: ತೊಂದರೆ ಮರಳುತ್ತಿದೆ ಎಂದು ತಿಳಿಸುವ ನನ್ನದೇ ಮೂರು ಸುಳಿವು, ಆಗ ಮಾಡಬೇಕಾದ ಎರಡು ಕೆಲಸ, ಕರೆ ಮಾಡಬೇಕಾದ ಒಬ್ಬರ ಹೆಸರು. ನಮ್ಮ ಶಿಕ್ಷಕಿಯ ಹಾಳೆಯ ಮೊದಲ ಸಾಲು ಹೀಗಿರಬಹುದು: ‘ಎರಡು ದಿನ ಮಗನ ಮೇಲೆ ಸುಮ್ಮಸುಮ್ಮನೆ ಕೂಗಿದರೆ, ಶಾಲೆಯಲ್ಲಿ ಏನಾಯಿತು ಎಂದು ಬರೆದು ನೋಡಬೇಕು.’